ಕಂಬಾರರ ಮೆಚ್ಚಿನ ಕವಿಗಳು

ಸಾಹಿತಿಗಳ ಮೆಚ್ಚಿನ ಗ್ರಂಥಗಳಾವುವೆಂದು ತಿಳಿದುಕೊಳ್ಳುವ ಕುತೂಹಲವು ವಾಚಕರಲ್ಲಿ ಎಂದಿನಿಂದಲೂ ಇದೆ. ದೊಡ್ಡವರು ಓದಿದ್ದನ್ನೇ ತಾವೂ ಓದಿದರೆ ಅವರ ದೊಡ್ಡತನದಲ್ಲಿ ಒಂದು ಪಾಲು ತಮಗೂ ದೊರೆತೀತೆಂಬ ಆಸೆ ಆ ಕುತೂಹಲದ ಹಿಂದೆ ಅಡಗಿರುವದುಂಟು. ಇದರಿಂದ ಗ್ರಂಥವಿಕ್ರಯಕ್ಕೆ ಲಾಭವಾಗಬಹುದು; ಅಭಿರುಚಿಗೆ ಲಾಭವಾಗುವದೆಂದು ಮಾತ್ರ ನಿಶ್ಚಯವಾಗಿ ಹೇಳಬರುವದಿಲ್ಲ. ವೈದ್ಯನು ಒಬ್ಬ ರೋಗಿಗೆ ಬರೆದುಕೊಟ್ಟ ಔಷಧದ ಚೀಟಿ ಇನ್ನೊಬ್ಬನಿಗೆ ಹೇಗೆ ಒಗ್ಗುವದಿಲ್ಲವೋ ಹಾಗೆಯೇ ಒಬ್ಬನ ಮೆಚ್ಚಿನ ಪುಸ್ತಕಗಳ ಪಟ್ಟಿಯು ಇನ್ನೊಬ್ಬನಿಗೆ ಒಗ್ಗಲಾರದು. ಹುಟ್ಟಿದ ಊರು, ಕೇಳಿದ ಮಾತು, ಪಟ್ಟ ಕಷ್ಟ ಇವುಗಳಿಂದ ಹದಗೊಂಡ ಮನಸ್ಸು ತನಗೆ ಬೇಕಾದ ಗ್ರಂಥವನ್ನು ತಾನೇ ಹುಡುಕಿಕೊಳ್ಳುತ್ತದೆ. ಆದುದರಿಂದ ಇಂತಹ ಪಟ್ಟಿ ಕೈಗೆ ಬಂದಾಗ ಅದನ್ನು ನಕಲು ಮಾಡಿಕೊಳ್ಳದೆ, ಅದು ಹೇಗೆ ಹುಟ್ಟಿತೆಂದು ವಿಚಾರಿಸುವದು ವಿಮರ್ಶೆಯ ಕೆಲಸ.

ಈ ವಿಚಾರಕ್ಕೆ ಬೆಳಗಾವಿ ಜಿಲ್ಲೆಯಲ್ಲಿ ಡಾ. ಚಂದ್ರಶೇಖರ ಕಂಬಾರರಿಗಿಂತ ತಕ್ಕ ನಿದರ್ಶನವು ದೊರೆಯುವದು ಕಷ್ಟ. ೧೯೩೭ನೆಯ ಇಸವಿಯ ಜನೇವರಿ ೨ರಂದು ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಅವರು ಗೋಕಾಕದಲ್ಲಿ ಶಾಲೆ ಕಲಿತರು. ಬಡತನದ ಮೂಲಕ ಓದು ನಡುವೆಯೇ ನಿಂತಾಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಅವರ ವಿದ್ಯಾಭ್ಯಾಸದ ವೆಚ್ಚವನ್ನು ವಹಿಸಿಕೊಂಡರು. ಮುಂದೆ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿಯೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಓದಿ, ಶಿಕಾಗೋ ಮತ್ತು ಬೆಂಗಳೂರುಗಳಲ್ಲಿ ಪಾಠ ಹೇಳಿ, ೧೯೯೧ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮೊದಲನೆಯ ಕುಲಪತಿಗಳಾದರು. ೨೦೧೦ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ದೊರೆಯಿತು; ೨೦೧೮ರಿಂದ ೨೦೨೩ರ ವರೆಗೆ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷ ಪದವಿಯು ಅವರದಾಗಿತ್ತು.

ಇಷ್ಟು ದೂರ ನಡೆದ ಈ ಓದುಗರ ಮೆಚ್ಚಿನ ಕವಿಗಳೆಂದು ಅವರ ಪರಿಚಯ ಲೇಖನಗಳಲ್ಲಿ ಬರುವ ಹೆಸರುಗಳು ಏಳು. ಕನ್ನಡದವರಲ್ಲಿ ಬಸವಣ್ಣ, ಕುಮಾರವ್ಯಾಸ, ಕುವೆಂಪು ಮತ್ತು ಗೋಪಾಲಕೃಷ್ಣ ಅಡಿಗ. ಹೊರಗಿನವರಲ್ಲಿ ಶೇಕ್ಸ್‌ಪಿಯರ್, ಯೇಟ್ಸ್ ಮತ್ತು ಲೋರ್ಕಾ. ಮೇಲುನೋಟಕ್ಕೆ ಇದೊಂದು ಸಂತೆಯ ನೆರವಿ. ಒಬ್ಬರು ಹನ್ನೆರಡನೆಯ ಶತಮಾನದ ಶರಣರು, ಒಬ್ಬರು ಹದಿನೈದನೆಯ ಶತಮಾನದ ಗದುಗಿನ ಭಕ್ತಕವಿ, ಒಬ್ಬನು ಲಂಡನ್ನಿನ ನಾಟಕಕಾರ, ಒಬ್ಬನು ಐರ್ಲಂಡಿನವನು, ಇನ್ನೊಬ್ಬನು ಸ್ಪೇನ್ ದೇಶದವನು. ಮಲೆನಾಡಿನ ಕುವೆಂಪುರವರಿಗೂ ನವ್ಯದ ಅಡಿಗರಿಗೂ ಕಾವ್ಯದ ದಾರಿಗಳೇ ಬೇರೆ. ಇವರೆಲ್ಲರನ್ನು ಒಂದೇ ಮನಸ್ಸು ಮೆಚ್ಚಿತೆಂದರೆ ಅದರ ಕಾರಣವೇನು? ಈ ಏಳು ಮಣಿಗಳನ್ನು ಪೋಣಿಸಿದ ದಾರ ಯಾವುದು?

ಉತ್ತರವನ್ನು ಗ್ರಂಥಾಲಯದಲ್ಲಿ ಹುಡುಕುವ ಮೊದಲು ಗೋಕಾಕ, ಹುಕ್ಕೇರಿಗಳ ಹಳ್ಳಿಗಳಲ್ಲಿ ಹುಡುಕಬೇಕು. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪಿತವಾದದ್ದು ೧೯೬೯ರಲ್ಲಿ. ಕಂಬಾರರು ಬಾಲಕರಾಗಿದ್ದ ಕಾಲದಲ್ಲಿ ಹಳ್ಳಿಯ ಓದೆಂದರೆ ಬಹುಮಟ್ಟಿಗೆ ಎಣ್ಣೆಯ ದೀಪದ ಓದು. ದೀಪ ಒಂದು, ಪುಸ್ತಕ ಒಂದು, ಅಕ್ಷರ ಬಲ್ಲವನು ಒಬ್ಬ. ಕೇಳುವವರು ಮಾತ್ರ ಹಲವರು. ಶ್ರಾವಣದಲ್ಲಿ ಪುರಾಣ ಹಚ್ಚುವ ಪದ್ಧತಿಯು ಈ ಸೀಮೆಗೆ ಹೊಸದಲ್ಲ. ಒಬ್ಬನು ಪದ್ಯವನ್ನು ರಾಗವಾಗಿ ಓದುವನು. ಮತ್ತೊಬ್ಬನು ಅದಕ್ಕೆ ಆಡುಮಾತಿನಲ್ಲಿ ಅರ್ಥ ಹೇಳುವನು. ಕುಳಿತವರು ಹೂಂಗುಟ್ಟುತ್ತ ಕಥೆಯನ್ನು ಮುಂದೆ ನೂಕುವರು. ಇಲ್ಲಿ ಪುಸ್ತಕವು ಕಣ್ಣಿನ ವಸ್ತುವಾಗುವ ಮೊದಲು ಕಿವಿಯ ವಸ್ತುವಾಗಿತ್ತು, ಒಬ್ಬನ ಸೊತ್ತಾಗುವ ಮೊದಲು ಹತ್ತು ಜನರದಾಗಿತ್ತು.

ಪುರಾಣಕ್ಕಿಂತಲೂ ಬಲವಾದ ಇನ್ನೊಂದು ಪಾಠಶಾಲೆಯು ಆಟದ್ದು. ಶ್ರೀಕೃಷ್ಣ ಪಾರಿಜಾತವು ಈ ಸೀಮೆಯ ಬೆಳೆ. ಅದರ ಕರ್ತೃಗಳಲ್ಲೊಬ್ಬನೆಂದು ಪ್ರಸಿದ್ಧನಾದ ಕುಲಗೋಡ ತಮ್ಮಣ್ಣನ ಊರು ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಕೌಜಲಗಿ ನಿಂಗಮ್ಮನವರಂತಹ ಕಲಾವಿದೆಯರು ಆ ಆಟಕ್ಕೆ ನಾಡಿನಲ್ಲೆಲ್ಲ ಹೆಸರು ತಂದುಕೊಟ್ಟರು. ನಾರದನು ತಂದ ಹೂವು ರುಕ್ಮಿಣಿಯ ಮುಡಿಗೇರಿದ್ದಕ್ಕೆ ಸತ್ಯಭಾಮೆಗೆ ಬಂದ ಕೋಪವೇ ಕಥೆಯ ಹುರುಳು. ಇಷ್ಟು ಸಣ್ಣ ಕಥೆಯು ರಾತ್ರಿಯೆಲ್ಲ ಬೆಳೆಯುವದು ಹೇಗೆಂದರೆ, ಹಾಡು ಮೊದಲೇ ಗೊತ್ತಾದದ್ದು, ಮಾತು ಮಾತ್ರ ಆಯಾ ಕ್ಷಣಕ್ಕೆ ಹುಟ್ಟತಕ್ಕದ್ದು. ದೇವರು ಗೋಕಾಕದ ಮಾತಾಡುವನು, ದೇವರ ಹೆಂಡತಿಯು ನೆರೆಮನೆಯ ಹೆಣ್ಣುಮಗಳಂತೆ ಸಿಟ್ಟಾಗುವಳು. ಬೈಲಹೊಂಗಲದ ಕಡೆಯ ಸಂಗ್ಯಾ ಬಾಳ್ಯಾ ಸಣ್ಣಾಟದಲ್ಲಿಯಂತೂ ದೇವರೂ ಇಲ್ಲ. ಗೆಳೆತನ, ಹಾದರ, ದ್ರೋಹ, ಕೊಲೆ ಇವೇ ಅಲ್ಲಿಯ ಕಥೆ. ಈ ಎರಡೂ ಆಟಗಳನ್ನು ಕೇಳಿ ಬೆಳೆದ ಕಿವಿಗೆ, ಕಾವ್ಯವೆಂದರೆ ಎದುರಿಗಿರುವವನಿಗೆ ಹೇಳುವ ಮಾತು ಎಂಬ ನಂಬಿಕೆಯು ಯಾರೂ ಕಲಿಸದೆ ಬಂದಿರುವದು ಸಹಜ.

ಈ ಹಿನ್ನೆಲೆಯಿಂದ ನೋಡಿದರೆ ಪಟ್ಟಿಯ ಮೊದಲ ಎರಡು ಹೆಸರುಗಳ ಗುಟ್ಟು ತಿಳಿಯುವದು. ಕುಮಾರವ್ಯಾಸನ ಭಾರತವು ಹತ್ತು ಪರ್ವಗಳುದ್ದಕ್ಕೂ ಭಾಮಿನಿ ಷಟ್ಪದಿಯಲ್ಲಿ ಹರಿಯುತ್ತದೆ. ಅದನ್ನು ಮೌನವಾಗಿ ಓದಿದವನಿಗೆ ಅದರ ಅರ್ಧ ಸುಖವೂ ದೊರೆಯಲಾರದು. ಅಲ್ಲಿಯ ಪಾತ್ರಗಳು ಜಗಳವಾಡುವಾಗ, ಹಂಗಿಸುವಾಗ, ಗೋಳಿಡುವಾಗ ದನಿಯ ಏರಿಳಿತವೇ ಅರ್ಥವನ್ನು ಹೊತ್ತು ತರುತ್ತದೆ. ಪಂಡಿತರು ಆತನ ರೂಪಕಗಳನ್ನು ಎಣಿಸಿ ಬೆರಗಾದರು. ಹಳ್ಳಿಯವರು ಎಣಿಸದೆಯೇ ತಲೆದೂಗಿದರು. ಇನ್ನು ಬಸವಣ್ಣನವರದಂತೂ ಹೆಸರಿನಿಂದಲೇ ವಚನ, ಅಂದರೆ ಆಡಿದ ಮಾತು. ವಚನಗಳ ತಾಡವೋಲೆಗಳನ್ನು ಮನೆಮನೆಗೆ ಅಲೆದು ಕೂಡಿಹಾಕಿದ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ೧೯೨೩ರಲ್ಲಿ ಹೊರತಂದರು. ಅಂದಿನಿಂದ ವಚನಗಳಿಗೆ ಅಚ್ಚಿನ ಆಯುಷ್ಯವು ಬಂದಿತಾದರೂ ಅವುಗಳ ನಡೆಯು ಈಗಲೂ ಮಾತಿನ ನಡೆಯೇ ಆಗಿದೆ. ಹೀಗೆ ಈ ಇಬ್ಬರೂ ಕಿವಿಯ ದಾರಿಯಿಂದ ಮನೆಯೊಳಗೆ ಬರತಕ್ಕವರು.

ಇಂಗ್ಲಿಷ್ ಗ್ರಂಥಗಳಾದರೋ ಶಾಲೆ ಕಾಲೇಜುಗಳ ದಾರಿಯಿಂದ ಬಂದವು. ಶೇಕ್ಸ್‌ಪಿಯರನು ಈ ಸೀಮೆಗೆ ತೀರ ಅಪರಿಚಿತನೇನೂ ಅಲ್ಲ; ಡೆಪ್ಯುಟಿ ಚನ್ನಬಸಪ್ಪನವರು ಅವನ ಒಂದು ವಿನೋದ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ ೧೮೭೧ರಷ್ಟು ಹಿಂದೆಯೇ ಕನ್ನಡಕ್ಕೆ ತಂದಿದ್ದರು. ಆದರೂ ಪರೀಕ್ಷೆಯ ಪಾಠವಾಗಿ ಬಂದ ಗ್ರಂಥವು ಮೆಚ್ಚಿನ ಗ್ರಂಥವಾಗುವದು ಅಪರೂಪ. ಹಾಗಾಗಬೇಕಾದರೆ ಓದುಗನು ಅದರಲ್ಲಿ ತನ್ನ ಮನೆಯ ಗುರುತನ್ನು ಕಾಣಬೇಕು. ಶೇಕ್ಸ್‌ಪಿಯರನು ತೀರಿಕೊಂಡದ್ದು ೧೬೧೬ರಲ್ಲಿ. ಅವನ ನಾಟಕಗಳು ದೊಡ್ಡ ಸಂಪುಟವಾಗಿ ಅಚ್ಚಾದದ್ದು ೧೬೨೩ರಲ್ಲಿ. ಅವುಗಳನ್ನು ಜನ ಮೊದಲು ಕೇಳಿದರು, ಆಮೇಲೆ ಓದಿದರು. ಅರಸನ ದುಃಖದ ಬೆನ್ನಿಗೇ ಬಾಗಿಲು ಕಾಯುವವನ ಕುಚೋದ್ಯವನ್ನು ತಂದು ನಿಲ್ಲಿಸುವ ಅವನ ಕ್ರಮವು, ಸತ್ಯಭಾಮೆಯ ಅಳಲಿನ ನಡುವೆ ಕೊರವಂಜಿಯ ಚೇಷ್ಟೆಯನ್ನು ಕಂಡವರಿಗೆ ಹೊಸದೆನಿಸಲಾರದು.

ಯೇಟ್ಸನ ಮಾತೂ ಇದೇ ಬಗೆಯದು. ಅವನು ೧೮೮೮ರಲ್ಲಿ ಐರ್ಲಂಡಿನ ರೈತಾಪಿ ಜನರ ಕಥೆಗಳನ್ನು ಕೂಡಿಸಿ ಸಂಕಲನವನ್ನು ಪ್ರಕಟಿಸಿದನು. ೧೯೦೪ರಲ್ಲಿ ಬಾಗಿಲು ತೆರೆದ ಡಬ್ಲಿನ್ನಿನ ಅಬೆ ರಂಗಮಂದಿರವನ್ನು ಕಟ್ಟಿದವರಲ್ಲಿ ಒಬ್ಬನಾದನು. ತಂತಿವಾದ್ಯದೊಡನೆ ಕವಿತೆಯನ್ನು ನುಡಿಸುವ ಪ್ರಯೋಗಗಳಿಗೂ ಕೈಹಾಕಿದನು. ಲೋರ್ಕಾನು ಗ್ರಾನಡಾ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ ೧೮೯೮ರಲ್ಲಿ ಹುಟ್ಟಿದವನು. ಅಲ್ಲಿಯ ಜನಪದ ಗಾನಕ್ಕಾಗಿ ೧೯೨೨ರಲ್ಲಿ ನಡೆದ ಉತ್ಸವದಲ್ಲಿ ದುಡಿದನು; ೧೯೩೨ರಿಂದ ವಿದ್ಯಾರ್ಥಿಗಳ ಮೇಳವನ್ನು ಕಟ್ಟಿಕೊಂಡು ಹಳ್ಳಿಹಳ್ಳಿಗೆ ನಾಟಕವನ್ನು ಒಯ್ದನು; ೧೯೩೬ರ ಅಂತರ್ಯುದ್ಧದ ಮೊದಲ ದಿನಗಳಲ್ಲಿಯೇ ಗುಂಡಿಗೆ ಬಲಿಯಾದನು. ಊರ ಹಾಡನ್ನು ನಾಚಿಕೆಯಿಲ್ಲದೆ ದೊಡ್ಡ ಕಾವ್ಯದ ಪಂಕ್ತಿಯಲ್ಲಿ ಕೂರಿಸಿದವರು ಈ ಇಬ್ಬರೂ. ಘೋಡಗೇರಿಯಿಂದ ಬಂದ ಓದುಗನಿಗೆ ಇವರು ಪರದೇಶದವರಾಗಿ ಕಂಡಿರಲಾರರು. ತನ್ನೂರಿನ ಆಟವು ಓದಿದವರ ಮುಂದೆ ಹೇಳಿಕೊಳ್ಳಲು ಬಾರದ ವಸ್ತುವಲ್ಲವೆಂಬ ಧೈರ್ಯವನ್ನು ಇಂತಹ ಗ್ರಂಥಗಳು ಕೊಡುತ್ತವೆ. ದೂರದ ಪುಸ್ತಕದ ಅತಿ ದೊಡ್ಡ ಉಪಕಾರವು ಇದೇ ಇರಬೇಕು.

ಇದರ ಫಲವನ್ನು ಕಂಬಾರರ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಕಾಣಬಹುದು. ೧೯೭೨ರ ಈ ನಾಟಕವನ್ನು ಲೋರ್ಕಾನ ೧೯೩೪ರ ‘ಯೆರ್ಮಾ’ದೊಡನೆ ಇಟ್ಟು ನೋಡುವದು ಉಪಯುಕ್ತ. ಎರಡರಲ್ಲಿಯೂ ಮಕ್ಕಳಿಲ್ಲದ ಹೆಂಡತಿ, ಅವಳ ಹಂಬಲಕ್ಕೆ ಕಿವುಡನಾದ ಗಂಡ, ಸಂತಾನಕ್ಕಾಗಿ ಊರಿನ ಹೆಂಗಸರು ನಂಬಿದ ಒಂದು ಆಚರಣೆ ಇವೆ. ಯೆರ್ಮಾ ತನ್ನ ಮಾನದ ಗೆರೆಯನ್ನು ದಾಟಲಾರದೆ ಕೊನೆಗೆ ಗಂಡನನ್ನು ತನ್ನ ಕೈಯಿಂದಲೇ ಕೊಂದು, ಅವನೊಡನೆ ತಾಯಿತನದ ಆಸೆಯನ್ನೂ ಕೊಲ್ಲುತ್ತಾಳೆ. ಕಂಬಾರರ ಗೌಡತಿಯು ಆ ಗೆರೆಯನ್ನು ದಾಟುತ್ತಾಳೆ. ಜೋಕುಮಾರನ ಹೆಸರಿನಲ್ಲಿ ಗಂಡನಿಗೆಂದು ಮಾಡಿದ ಪಡವಲಕಾಯಿಯ ಅಡಿಗೆಯು ಬಸಣ್ಣನ ಪಾಲಾಗುತ್ತದೆ. ಅವಳಿಗೆ ಬಸಿರು ನಿಲ್ಲುತ್ತದೆ, ಬಸಣ್ಣನು ಗೌಡನ ಆಳುಗಳ ಕೈಯಲ್ಲಿ ಸಾಯುತ್ತಾನೆ. ಇಷ್ಟರಿಂದಲೇ ಒಬ್ಬರು ಇನ್ನೊಬ್ಬರಿಂದ ಕಥೆಯನ್ನು ಕಡ ತಂದರೆಂದು ಹೇಳುವದು ದುಡುಕಾದೀತು. ಜೋಕುಮಾರನು ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಮಣ್ಣಿನ ಮೂರ್ತಿ. ಏಳು ದಿನ ಮೆರೆದು ಸಾಯುವ ಅವನ ಕಥೆಯು ಉತ್ತರ ಕರ್ನಾಟಕದ ಹೆಂಗಸರ ಬಾಯಲ್ಲಿಯೇ ಇತ್ತು. ಅಲ್ಲದೆ ನೆಲ ಯಾರದು, ಉತ್ತವನದೋ ಬಂದೂಕು ಹಿಡಿದವನದೋ ಎಂಬ ಪ್ರಶ್ನೆಯನ್ನು ಹೆಣ್ಣಿನ ಬಸಿರಿನೊಡನೆ ಹೊಸೆದದ್ದು ಕಂಬಾರರದೇ ಸಾಧನೆ.

ಆದರೆ ಈ ಹೋಲಿಕೆಯು ಇನ್ನೊಂದು ಮಾತನ್ನೂ ಹೊರಗೆಡಹುತ್ತದೆ. ಯೆರ್ಮಾ ಕೊನೆಯ ವರೆಗೂ ಒಬ್ಬ ಹೆಂಗಸು. ಅವಳ ನೋವು ಅವಳದೇ. ಗೌಡತಿಯಾದರೋ ಕೆಲವು ಕಡೆಗೆ ಬೀಜಕ್ಕೆ ಕಾದ ಭೂಮಿಯ ಸಂಕೇತವಾಗಿ, ಹೆಂಗಸಾಗಿ ನಿಲ್ಲುವದನ್ನು ಮರೆಯುತ್ತಾಳೆ. ಹಾಡಿನ ಸೊಗಸು ಏರಿದಂತೆ ಪಾತ್ರದ ಒಳಗುದಿ ಕಿವಿಗೆ ಬೀಳದಂತಾಗುತ್ತದೆ. ಕಿವಿಯಿಂದ ಓದಿದವರಿಗೆ ಬರುವ ಲಾಭಗಳೊಡನೆ ಈ ನಷ್ಟವೂ ಬರುವದುಂಟು. ಸಭೆಯು ತಲೆದೂಗಿದ ಕೂಡಲೇ ಮಾತು ಮುಗಿಯಿತೆಂಬ ತೃಪ್ತಿಯು ಕವಿಯನ್ನು ಕೆಲವು ಸಲ ಬೇಗನೆ ನಿಲ್ಲಿಸಿಬಿಡುತ್ತದೆ.

ಈ ಅಪಾಯಕ್ಕೆ ಔಷಧವೂ ಅದೇ ಪಟ್ಟಿಯಲ್ಲಿದೆ. ಅದು ಅಡಿಗರ ಹೆಸರು. ಕಿವಿಯ ಓದುಗನಿಗೆ ಅಡಿಗರು ಸುಲಭವಾಗಿ ಒಗ್ಗತಕ್ಕ ಕವಿಯಲ್ಲ. ೧೯೫೯ರ ‘ಭೂಮಿಗೀತ’ವು ಜಾತ್ರೆಯಲ್ಲಿ ನಿಂತು ಕೇಳುವ ಕಾವ್ಯವಲ್ಲ, ಒಬ್ಬನೇ ಕುಳಿತು, ಹಿಂದೆ ಮುಂದೆ ತಿರುವಿ, ತಡೆತಡೆದು ಓದತಕ್ಕದ್ದು. ಅಲ್ಲಿಯ ದನಿಯು ತನ್ನ ಮಣ್ಣಿನಿಂದ ಕಿತ್ತುಬಂದ ಒಬ್ಬಂಟಿಗನ ದನಿ. ಈ ಕಾವ್ಯಕ್ಕೆ ಕಂಬಾರರ ಉತ್ತರವೋ ಎಂಬಂತೆ ೧೯೬೪ರಲ್ಲಿ ‘ಹೇಳತೇನ ಕೇಳ’ ಬಂದಿತು. ಹೆಸರಿನಲ್ಲಿಯೇ ಹೇಳುವವನೂ ಇದ್ದಾನೆ, ಕೇಳುವವನೂ ಇದ್ದಾನೆ. ಊರ ಗೌಡನನ್ನು ಕೊಂದ ರಾಕ್ಷಸನು ಅವನದೇ ರೂಪದಿಂದ ಊರನ್ನು ಹೊಗುವ ಈ ಕಥನಕಾವ್ಯದಲ್ಲಿ, ಕಾಲದ ಬೇನೆಯೆಂದು ನವ್ಯರು ಕಂಡ ಬರಡುತನವೇ ಇದೆ. ಆದರೆ ಅದು ಒಬ್ಬನ ಎದೆಯ ಬರಡುತನವಾಗಿರದೆ ಇಡಿಯ ಊರಿನದಾಗಿದೆ. ಹೇಳಿದ ಮಾತು ಬೆಳಗಾವಿ ಸೀಮೆಯ ಆಡುಮಾತು. ಅಡಿಗರನ್ನು ಓದದಿದ್ದರೆ ಈ ಕಾವ್ಯವು ಬರಿಯ ಲಾವಣಿಯಾಗುತ್ತಿತ್ತು; ಅಡಿಗರನ್ನು ಮಾತ್ರ ಓದಿದ್ದರೆ ಅದು ಅಡಿಗರ ನೆರಳಾಗುತ್ತಿತ್ತು. ತನಗೆ ಒಪ್ಪುವ ಆರು ಜನರ ನಡುವೆ ತನ್ನನ್ನು ಎದುರಿಸುವ ಒಬ್ಬನನ್ನು ಇಟ್ಟುಕೊಳ್ಳುವದು ಪ್ರಬುದ್ಧ ಓದುಗನ ಲಕ್ಷಣ.

ಕುವೆಂಪುರವರಿಂದ ದೊರೆತದ್ದು ಬೇರೆ ಬಗೆಯ ಪಾಠವೆಂದು ತೋರುತ್ತದೆ. ೧೯೪೯ರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದ ಕಾಲವು ಮುಗಿದಿಲ್ಲವೆಂದು ತೋರಿಸಿಕೊಟ್ಟಿತು. ೧೯೬೭ರ ‘ಮಲೆಗಳಲ್ಲಿ ಮದುಮಗಳು’ ಒಂದು ಮೂಲೆಯ ಮಲೆಯೂರೇ ಇಡಿಯ ಜಗತ್ತಾಗಬಲ್ಲದೆಂದು ತೋರಿಸಿತು. ಕಂಬಾರರ ‘ಚಕೋರಿ’ ಎಂಬ ಮಹಾಕಾವ್ಯವು ೧೯೯೬ರಲ್ಲಿ ಬಂದಿತು. ಇನ್ನು ಊರಿನ ಮಾತು ಹೇಳಬೇಕೆಂದರೆ, ಅವರ ಶಿವಾಪುರವು ಕಾವ್ಯ, ನಾಟಕ, ಕಾದಂಬರಿಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ೧೯೭೫ರ ‘ಕರಿಮಾಯಿ’ಯಲ್ಲಿ ದೇವಿಯ ನೆರಳಿನಲ್ಲಿ ಬಾಳಿದ ಊರೊಂದು ಹೊಸಗಾಲದ ಪೆಟ್ಟಿಗೆ ತತ್ತರಿಸುವ ಬಗೆಯಿದೆ. ಒಂದೇ ಊರಿಗೆ ಇಷ್ಟು ಸಲ ಮರಳಿದ್ದನ್ನು ಕೆಲವರು ಪುನರುಕ್ತಿಯೆಂದು ಎಣಿಸಬಹುದು. ಕೆಲವು ಕಡೆ ಅದು ನಿಜವೂ ಹೌದು. ಆದರೆ ಭಾರತವನ್ನು ವರ್ಷವರ್ಷವೂ ಮೊದಲಿನಿಂದ ಕೇಳುವ ಜನರಿಗೆ ಗೊತ್ತಿದ್ದ ಕಥೆಯು ಹಳೆಯದಾಗುವದಿಲ್ಲ. ಮರಳಿ ಮರಳಿ ಕೇಳಿ ಕಲಿತವರು ಮರಳಿ ಮರಳಿ ಹೇಳುತ್ತಾರೆ.

ಪಟ್ಟಿಯಲ್ಲಿ ಇದ್ದವರಷ್ಟೇ ಇಲ್ಲದವರೂ ವಿಚಾರಕ್ಕೆ ಅರ್ಹರು. ಧಾರವಾಡದ ಆಡುಮಾತನ್ನು ಕಾವ್ಯದ ಸಿಂಹಾಸನಕ್ಕೆ ಏರಿಸಿದ ಬೇಂದ್ರೆಯವರ ಹೆಸರು ಅಲ್ಲಿ ಕಾಣುವದಿಲ್ಲ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ೧೯೦೦ರಲ್ಲಿ ಹುಟ್ಟಿ, ಹಳ್ಳಿಯ ಮಾತಿನಲ್ಲಿ ‘ನಲ್ವಾಡುಗಳು’ ಕಟ್ಟಿದ ಆನಂದಕಂದ ಕೃಷ್ಣಶರ್ಮರ ಹೆಸರೂ ಇಲ್ಲ. ಆದರೆ ‘ಹೇಳತೇನ ಕೇಳ’ದ ಭಾಷೆಗೆ ದಾರಿಯನ್ನು ಸವೆಸಿದವರು ಇವರೇ ಎಂಬುದನ್ನು ಯಾವ ಓದುಗನೂ ಅಲ್ಲಗಳೆಯಲಾರನು. ಇದನ್ನು ಕೃತಜ್ಞತೆಯ ಕೊರತೆಯೆಂದು ತಿಳಿಯಬಾರದು. ಏಳೇ ಹೆಸರಿನ ಪಟ್ಟಿಯು ಪ್ರಮಾಣಪತ್ರವಲ್ಲ. ಅಲ್ಲದೆ ಮನುಷ್ಯನು ನೆಂಟರ ಹೆಸರು ಹೇಳುವಾಗ ಒಂದೇ ಮನೆಯಲ್ಲಿ ಇರುವವರನ್ನು ಎಣಿಸುವದಿಲ್ಲ. ದಿನವೂ ಕುಡಿಯುವ ನೀರನ್ನು ಯಾರೂ ತಮ್ಮ ಮೆಚ್ಚಿನ ಪಾನೀಯವೆಂದು ಹೇಳಿಕೊಳ್ಳುವದಿಲ್ಲ. ಓದುಗನ ಬಹುದೊಡ್ಡ ಋಣಗಳು ಹಲವು ಸಲ ಪಟ್ಟಿಯ ಹೊರಗೇ ಇರುತ್ತವೆ. ಪಾರಿಜಾತದ ಮೇಳಗಳ ಋಣವೂ ಅಂತಹದೇ.

ಆ ಋಣವನ್ನು ಕಂಬಾರರು ತೀರಿಸಿದ ಬಗೆಯಲ್ಲಿಯೇ ಅವರ ಓದಿನ ಅಭ್ಯಾಸವು ಸ್ಪಷ್ಟವಾಗಿ ತೋರುತ್ತದೆ. ಅವರು ಕೇಳಿದ್ದನ್ನು ಕೇಳಿ ಬಿಡಲಿಲ್ಲ. ಸಂಗ್ಯಾ ಬಾಳ್ಯಾ ಆಟವನ್ನು ಸಂಪಾದಿಸಿ ಪುಸ್ತಕವನ್ನಾಗಿ ಮಾಡಿದರು. ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯನ್ನು ಕುರಿತು ಗ್ರಂಥವನ್ನು ಬರೆದರು. ೧೯೮೫ರಲ್ಲಿ ಹೊರಬಂದ ‘ಕನ್ನಡ ಜಾನಪದ ವಿಶ್ವಕೋಶ’ದ ಸಂಪಾದಕರಾದರು. ಬಾಯಿಂದ ಬಾಯಿಗೆ ಹೋಗುವ ಆಟವನ್ನು ಅಕ್ಷರಕ್ಕೆ ಇಳಿಸಬೇಕಾದರೆ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಬೇಕು, ಪಾಠಗಳನ್ನು ಒಂದರೊಡನೊಂದು ಹೋಲಿಸಬೇಕು, ತನ್ನ ಜಾಣತನವನ್ನು ನಡುವೆ ತೂರಿಸದೆ ತಾಳ್ಮೆಯಿಂದಿರಬೇಕು. ಮೆಚ್ಚಿದ ವಸ್ತುವಿಗಾಗಿ ದುಡಿಯುವ ಈ ಅಭ್ಯಾಸವಿಲ್ಲದೆ ಬರಿಯ ಮೆಚ್ಚುಗೆಯು ಬಹುಕಾಲ ಬಾಳುವದಿಲ್ಲ.

ಇಷ್ಟರಿಂದ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಓದು ಬಲ್ಲ ಮನೆತನಗಳು ತಿಳಿದುಕೊಳ್ಳತಕ್ಕ ಮಾತೊಂದುಂಟು. ಇಂದು ಈ ಮನೆಗಳಲ್ಲಿ ದೀಪಕ್ಕೆ ಬರವಿಲ್ಲ, ಕಪಾಟಿನಲ್ಲಿ ಪುಸ್ತಕಗಳಿಗೂ ಬರವಿಲ್ಲ. ಬರ ಬಂದಿರುವದು ದನಿಗೆ. ಮಕ್ಕಳ ಓದು ಪರೀಕ್ಷೆಯ ಓದಾಗಿದೆ. ಹಲವರಿಗೆ ಅದು ಮನೆಯಲ್ಲಿ ಆಡದ ಭಾಷೆಯ ಓದು. ದೊಡ್ಡವರು ಕೈಯೊಳಗಿನ ಫೋನನ್ನು ನೋಡುತ್ತ ಒಬ್ಬೊಬ್ಬರೇ ಮೌನವಾಗಿ ಕುಳಿತಿರುತ್ತಾರೆ. ಕುಮಾರವ್ಯಾಸ ಭಾರತವು ಮನೆಯಲ್ಲಿದ್ದರೂ ಅದರ ನಡೆಯನ್ನು ಕೇಳದ ಮಗುವಿಗೆ ಅದು ಕಠಿಣ ಶಬ್ದಗಳ ಒಂದು ರಾಶಿ ಮಾತ್ರ. ಅಂತಹ ಮಗುವು ಮುಂದೆ ಶೇಕ್ಸ್‌ಪಿಯರನನ್ನೂ ಲೋರ್ಕಾನನ್ನೂ ಓದೀತು; ಆದರೆ ಅವರಲ್ಲಿ ಗುರುತು ಹಿಡಿಯುವದಕ್ಕೆ ತನ್ನ ಮನೆಯ ದನಿಯೇ ಅದಕ್ಕೆ ಗೊತ್ತಿಲ್ಲದಿದ್ದರೆ ಅವರೂ ಪರೀಕ್ಷೆಯ ಪಾಠವಾಗಿಯೇ ಉಳಿದಾರು. ಹಾಗಾದರೆ ನಷ್ಟವು ಕನ್ನಡಕ್ಕೆ ಮಾತ್ರವಲ್ಲ, ಆ ಮಗುವಿನ ಇಡಿಯ ಓದಿಗೇ ಆಗುವದು.

ಇದಕ್ಕೆ ಪರಿಹಾರವು ದುಬಾರಿಯದಲ್ಲ. ಊಟದ ಮೊದಲು ಅರ್ಧ ತಾಸು ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವ ಪದ್ಧತಿಯು ನಡೆದರೆ ಸಾಕು. ಭಾರತದ ನಾಲ್ಕು ಪದ್ಯಗಳಾಗಲಿ, ಎರಡು ವಚನಗಳಾಗಲಿ, ಒಂದು ಒಳ್ಳೆಯ ಕಾದಂಬರಿಯ ಪ್ರಕರಣವಾಗಲಿ ಅಡ್ಡಿಯಿಲ್ಲ. ಅರ್ಥವಾಗದ ಮಾತಿಗೆ ಅಜ್ಜನು ಅರ್ಥ ಹೇಳಲಿ. ಅಜ್ಜಿಗೆ ಬರುವ ಜೋಕುಮಾರನ ಹಾಡನ್ನು ಮೊಮ್ಮಕ್ಕಳು ಬರೆದುಕೊಳ್ಳಲಿ. ಆ ಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಮೆಚ್ಚಿನ ಪುಸ್ತಕಗಳನ್ನು ತಾವೇ ಕಂಡುಕೊಳ್ಳುವರು. ಆ ಪುಸ್ತಕಗಳು ಕಂಬಾರರ ಏಳು ಹೆಸರುಗಳಿಗೆ ಹೊಂದಬೇಕೆಂಬ ನಿರ್ಬಂಧವಿಲ್ಲ. ಅವುಗಳ ನಡುವೆ ಎದುರು ವಾದಿಸುವ ಒಂದು ಗ್ರಂಥವಾದರೂ ಇದ್ದರೆ ಒಳಿತು. ಘೋಡಗೇರಿಯ ಹುಡುಗನಿಗೆ ಊರೇ ಕೊಟ್ಟ ಈ ಶಿಕ್ಷಣವನ್ನು ಇಂದಿನ ಮಕ್ಕಳಿಗೆ ಮನೆಯೇ ಕೊಡಬೇಕಾಗಿದೆ. ಮನೆಯ ಹಿರಿಯರು ಈ ಮಾತನ್ನು ಮನಸ್ಸಿಗೆ ತಂದುಕೊಂಡು ಮುಂದಿನ ಶ್ರಾವಣದೊಳಗೆ ಒಂದು ಗ್ರಂಥಕ್ಕಾದರೂ ದನಿ ಕೊಟ್ಟರೆ ಅದು ಈ ಸೀಮೆಯ ಸಾಹಿತ್ಯಕ್ಕೆ ಮಾಡಿದ ನಿಜವಾದ ಸೇವೆಯಾದೀತು.